‘ನೋಡಿದ್ದೇನೆ’ ಎಂಬ ಗುಂಡಿ ಮತ್ತು ನಮ್ಮ ವಿಜ್ಞಾನದ ಮೇಡಂ

ಶಾಲಾ ಶಿಕ್ಷಣದಲ್ಲಿ ತಂತ್ರಜ್ಞಾನದ ಬಳಕೆ ಎಂಬ ವಿಷಯದ ಮೇಲೆ ಭಾಷಣ ಮಾಡಿದವರು ಬಹಳ ಮಂದಿ ಇದ್ದಾರೆ. ಶಾಲೆಯ ಚೀಟಿ ಅಂಟಿಸಿದ ಟ್ಯಾಬನ್ನು ಡಬ್ಬದಿಂದ ತೆಗೆದು, ಒರೆಸಿ, ಚಾರ್ಜ್ ಮಾಡಿ, ಮಕ್ಕಳ ಕೈಗೂ ಅವರ ಹೆತ್ತವರ ಕೈಗೂ ಕೊಟ್ಟು ‘ಇಲ್ಲಿ ಒತ್ತಿ’ ಎಂದು ತಾಳ್ಮೆಯಿಂದ ಹೇಳಿಕೊಟ್ಟವರು ಮಾತ್ರ ಬೆರಳೆಣಿಕೆಯಷ್ಟು. ಅಂಥವರ ಪೈಕಿ ಅಗ್ರಗಣ್ಯರು, ಈ ತಿಂಗಳು ಸೇವೆಯಿಂದ ನಿವೃತ್ತರಾಗುತ್ತಿರುವ ನಮ್ಮ ವಿಜ್ಞಾನದ ಮೇಡಂ. ಅವರನ್ನು ಹೊಗಳುವುದು ಸುಲಭ. ಆದರೆ ಈ ಬೀಳ್ಕೊಡುಗೆಯ ಸಂಪುಟ ಬರೀ ಹೊಗಳಿಕೆಯಾದರೆ ತಾವು ಸಮಾರಂಭಕ್ಕೇ ಬರುವುದಿಲ್ಲವೆಂದೂ, ಇಸ್ತ್ರಿ ಅಂಗಡಿಯ ತಾಯಿಯೊಬ್ಬರ ಮಗಳ ವಿಷಯ ಅದರಲ್ಲಿ ಇರಲೇಬೇಕೆಂದೂ ಅವರು ಸಂಪಾದಕರಿಗೆ ಕಟ್ಟಪ್ಪಣೆ ಮಾಡಿದ್ದಾರೆ.

ಸೇವೆಗೆ ಸೇರಿದ ಕಾಲದಲ್ಲಿ ಅವರ ಬಳಿ ಇದ್ದ ಯಂತ್ರವೆಂದರೆ ಒಂದು ಹಳೆಯ ಸೈಕಲ್ಲು. ಸಂಜೆ ಗಂಟೆ ಹೊಡೆದ ಮೇಲೆ, ಅಂದು ಬಾರದ ಮಗುವಿನ ಮನೆಗೆ ಹೋಗಿ ಬಾಗಿಲಲ್ಲಿ ನಿಲ್ಲುವುದು ಅವರ ಪದ್ಧತಿ. ಮೇಡಂ ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡರೆ ಸಾಕು, ಹೊಟ್ಟೆನೋವೆಂದು ಮಲಗಿದ್ದ ಹುಡುಗರ ನೋವು ಮಾಯವಾಗುತ್ತಿತ್ತು. ತಮ್ಮನನ್ನು ನೋಡಿಕೊಳ್ಳುವವರಿಲ್ಲವೆಂದು ಮನೆಯಲ್ಲೇ ಉಳಿದ ಹುಡುಗಿಯೊಬ್ಬಳಿಗೆ, ಅವನನ್ನೂ ಎತ್ತಿಕೊಂಡೇ ಬಾ ಎಂದು ಹೇಳಿ, ಆ ಕೂಸನ್ನು ಪ್ರಯೋಗಶಾಲೆಯ ಮೂಲೆಯಲ್ಲಿ ಮಲಗಿಸಿ ಪಾಠ ಮಾಡಿದವರು ಅವರು. ಬೋರ್ಡು ಕಾಣದೆ ತಡವರಿಸುತ್ತಿದ್ದ ಇನ್ನೊಬ್ಬನನ್ನು ತಾವೇ ಕಣ್ಣಿನ ಡಾಕ್ಟರ ಬಳಿಗೆ ಕರೆದೊಯ್ದರು. ಕನ್ನಡಕ ಹಾಕಿಕೊಂಡ ಮೊದಲ ದಿನ ಆ ಪುಣ್ಯಾತ್ಮ ಅವರ ಮುಖವನ್ನೇ ದಿಟ್ಟಿಸಿ, “ಮೇಡಂ, ನಿಮಗೆ ಇಷ್ಟೊಂದು ವಯಸ್ಸಾಗಿದೆಯಾ?” ಎಂದು ಕೇಳಿದನಂತೆ. ಈ ಕಥೆಯನ್ನು ಮೇಡಂ ತಾವೇ ಹೇಳಿಕೊಂಡು ನಗುತ್ತಿದ್ದರು. ಆಗ ಅವರು ನಗುತ್ತಿದ್ದರು ಎಂಬುದನ್ನು ಹೊಸದಾಗಿ ಬಂದ ಶಿಕ್ಷಕರು ನಂಬುವುದು ಕಷ್ಟ.

ಟ್ಯಾಬುಗಳು ಬಂದಾಗ ಅವುಗಳ ಹೊಣೆ ಅವರ ಹೆಗಲಿಗೆ ಬಿತ್ತು. ಅಷ್ಟೇ ಉತ್ಸಾಹದಿಂದ ಅವರು ಹೊತ್ತುಕೊಂಡರು. ಮಗುವಿಗೊಂದು ಟ್ಯಾಬು. ಅದರಲ್ಲಿ ಪಾಠವಷ್ಟೇ ಅಲ್ಲದೆ ಮನೆಯವರಿಗೆ ಶಾಲೆಯ ಸೂಚನೆಗಳೂ ಬರುತ್ತವೆ. ಮಗು ಬಾರದಿದ್ದರೆ, ಅಂಕ ಕಡಿಮೆಯಾದರೆ ತಿಳಿಸುತ್ತದೆ. ಹೆತ್ತವರು ಓದಿ ‘ನೋಡಿದ್ದೇನೆ’ ಎಂಬ ಗುಂಡಿ ಒತ್ತಬೇಕು, ಹೇಳುವುದೇನಾದರೂ ಇದ್ದರೆ ಕೆಳಗೆ ಬರೆಯಬೇಕು. ಇದನ್ನು ಕಲಿಸಲು ಮೇಡಂ ಹೆತ್ತವರ ಸಭೆ ಕರೆದರು. ದೊಡ್ಡವರೆಲ್ಲ ಮಕ್ಕಳ ಬೆಂಚುಗಳಲ್ಲಿ ಮಂಡಿ ಮಡಚಲಾರದೆ ಮಡಚಿ ಕುಳಿತರು. ಸಿಮೆಂಟಿನಲ್ಲಿ ಬೆರಳು ಸವೆಸಿಕೊಂಡ ಗಾರೆ ಕೆಲಸದವರೊಬ್ಬರು ಎಷ್ಟು ಒತ್ತಿದರೂ ಪರದೆ ಅಲುಗಲಿಲ್ಲ.

“ನನ್ನ ಬೆರಳನ್ನ ಇದು ಲೆಕ್ಕಕ್ಕೇ ತಗೊಳ್ತಿಲ್ಲ ಮೇಡಂ,” ಎಂದರು ಅವರು. “ಮನೇಲಿ ನನ್ನ ಮಾತಿಗಿರೋ ಬೆಲೆನೇ ಇಲ್ಲೂ.”

ಸಭೆ ಗೊಳ್ಳೆಂದಿತು. ಆ ನಗು ನಿಂತ ಮೇಲೆ, ಬೀದಿಯ ಮೂಲೆಯಲ್ಲಿ ಇಸ್ತ್ರಿ ಅಂಗಡಿ ಇಟ್ಟುಕೊಂಡಿದ್ದ ತಾಯಿಯೊಬ್ಬರು ಹಿಂದಿನ ಬೆಂಚಿನಿಂದ ಕೇಳಿದರು: “ಓದೋಕೆ ಬಾರದೋರು ಏನ್ಮಾಡ್ಬೇಕು ಮೇಡಂ?”

“ಮನೇಲಿ ಮಗಳಿದ್ದಾಳಲ್ಲಮ್ಮ, ಅವಳನ್ನೇ ಕೇಳಿ. ಓದಿ ಹೇಳ್ತಾಳೆ, ಒತ್ತಿ ಕೊಡ್ತಾಳೆ.”

ಇದಕ್ಕಿಂತ ಸರಿಯಾದ ಉತ್ತರ ಆ ದಿನ ಯಾರಿಗೂ ಹೊಳೆಯುತ್ತಿರಲಿಲ್ಲ. ತಿಂಗಳು ತುಂಬುವುದರೊಳಗೆ ಎಲ್ಲ ಮನೆಗಳಿಂದಲೂ ಉತ್ತರ ಬರತೊಡಗಿತು. ಮೇಲಧಿಕಾರಿಗಳು ಬೆನ್ನು ತಟ್ಟಿದರು. “ಇನ್ನೂ ಯಾಕೆ ಮನೆ ಮನೆ ಸುತ್ತುತ್ತೀರಾ ಮೇಡಂ? ಕೂತಲ್ಲೇ ಎಲ್ಲ ಗೊತ್ತಾಗುತ್ತಲ್ಲ,” ಎಂದರು ಹೆಡ್‌ಮಾಸ್ಟರು. ಹೊತ್ತು ಮುಳುಗುವವರೆಗೆ ಸೈಕಲ್ಲು ತುಳಿದು ಸಾಕಾಗಿದ್ದ ಮೇಡಂ ಅವರಿಗೂ ಹೌದೆನಿಸಿತು.

ಇಸ್ತ್ರಿ ಅಂಗಡಿಯ ತಾಯಿಯ ಮಗಳು ಆಗ ಒಂಬತ್ತನೇ ತರಗತಿ. ವಿಜ್ಞಾನದಲ್ಲಿ ಮುಂದಿದ್ದ ಹುಡುಗಿ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಗಣಿತ ಕೈಕೊಟ್ಟ ಮೇಲೆ ಬರುವುದನ್ನು ಕಡಿಮೆ ಮಾಡಿದಳು, ಆಮೇಲೆ ನಿಲ್ಲಿಸಿಯೇಬಿಟ್ಟಳು. ಸೂಚನೆ ಹೋದಾಗಲೆಲ್ಲ ಮನೆಯಿಂದ ತಪ್ಪದೆ ಉತ್ತರ ಬರುತ್ತಿತ್ತು. ಒಮ್ಮೆ ಜ್ವರ, ಒಮ್ಮೆ ಊರಿಗೆ ಹೋಗಿದ್ದೇವೆ, ಒಮ್ಮೆ ಮತ್ತೆ ಜ್ವರ. ತಾಯಿ ಹೇಳುತ್ತಾರೆ, ಮಗಳು ಬರೆಯುತ್ತಾಳೆ ಎಂದೇ ಮೇಡಂ ತಿಳಿದರು. ಇಷ್ಟು ಜವಾಬ್ದಾರಿಯ ತಾಯಿ ಅಪರೂಪ ಎಂದು ಶಿಕ್ಷಕರ ಕೋಣೆಯಲ್ಲಿ ಹೇಳಿದರು ಕೂಡ. ಹಾಜರಿ ಸಾಲದೆ ಹೆಸರು ತೆಗೆಯುತ್ತೇವೆಂಬ ಕೊನೆಯ ಸೂಚನೆಗೂ ‘ನೋಡಿದ್ದೇನೆ’ ಎಂದೇ ಬಂತು.

ಹೊಸ ವರ್ಷದ ತರಗತಿಗಳು ಆರಂಭವಾದ ವಾರ ಆ ತಾಯಿ ಶಾಲೆಗೆ ಬಂದರು. ತೋಳಿಗೆ ಇಸ್ತ್ರಿ ಪೆಟ್ಟಿಗೆ ತಾಗಿ ಎದ್ದ ಹೊಸ ಬೊಬ್ಬೆ ಇತ್ತು. ಬಾಗಿಲಲ್ಲೇ ನಿಂತು, “ಈ ವರ್ಷ ಹತ್ತನೇ ಕ್ಲಾಸಲ್ವಾ, ಮಗಳನ್ನ ಸ್ವಲ್ಪ ಗದರಿಸಿ ಓದಿಸಿ ಮೇಡಂ,” ಎಂದರು.

ಮೇಡಂ ಎದ್ದು ಬಾಗಿಲಿಗೆ ಬಂದರು. “ನಿಮಗೆ ಟ್ಯಾಬಲ್ಲಿ ತಿಳಿಸಿದ್ವಲ್ಲಮ್ಮ, ಅವಳು ಬರ್ತಾನೇ ಇಲ್ಲ ಅಂತ.”

“ಬರ್ತಾ ಇಲ್ವಾ? ದಿನಾ ಬೆಳಿಗ್ಗೆ ಯೂನಿಫಾರ್ಮ್ ಇಸ್ತ್ರಿ ಮಾಡಿ ಕೊಡ್ತಿದ್ದೆನಲ್ಲ.” ಅವರಿಗೆ ಮೊದಲು ಸಿಟ್ಟೂ ಬರಲಿಲ್ಲ, ಅಳುವೂ ಬರಲಿಲ್ಲ. “ಮಗಳನ್ನೇ ಕೇಳಿ ಅಂತ ನೀವೇ ಹೇಳಿದ್ರಿ. ದಿನಾ ಕೇಳ್ತಿದ್ದೆ. ಎಲ್ಲ ಚೆನ್ನಾಗಿದೆ ಅಂತಿದ್ಲು.”

ಮೇಡಂ ಅಂದೇ ಮತ್ತೆ ಸೈಕಲ್ಲು ಹೊರಗೆಳೆದರು. ಹುಡುಗಿ ಸಿದ್ಧ ಉಡುಪಿನ ಒಂದು ಶೆಡ್ಡಿನಲ್ಲಿ, ತನ್ನ ದೊಡ್ಡಪ್ಪನ ಮಗಳ ಪಕ್ಕದಲ್ಲಿ ಕುಳಿತು ಅಂಗಿಗಳ ಹೆಚ್ಚುವರಿ ದಾರ ಕತ್ತರಿಸುತ್ತಿದ್ದಳು. ಮೈತುಂಬ ದಾರದ ಚೂರು. “ಮತ್ತೆ ಒಂಬತ್ತನೇ ಕ್ಲಾಸಲ್ಲಿ ನನಗಿಂತ ಚಿಕ್ಕವರ ಜೊತೆ ಕೂತ್ಕೊಳ್ಳೋಕೆ ನಾಚಿಕೆ ಮೇಡಂ,” ಎಂದು ತಲೆ ತಗ್ಗಿಸಿದಳು. ಮೇಡಂ ಹಲವು ಸಲ ಹೋದರು, ಗದರಿಸಿದರು, ಅಂಗಲಾಚಿದರು. ಅವಳು ಬರಲಿಲ್ಲ. ಈ ಲೇಖನ ಅಚ್ಚಿಗೆ ಹೋಗುವ ಹೊತ್ತಿಗೂ ಬಂದಿಲ್ಲ.

ಆ ಬಳಿಕ ಅವರು ಉಳಿದ ಮನೆಗಳಿಗೂ ಹೋಗಿ ನೋಡಿದರು. ಹೆಚ್ಚಿನ ಕಡೆ ಅದೇ ಸಂಗತಿ. ಅಪ್ಪ ಅಮ್ಮಂದಿರ ಹೆಸರಿನಲ್ಲಿ ತಮ್ಮ ಮೇಲಿನ ದೂರಿಗೆ ತಾವೇ ಸಮಾಧಾನ ಬರೆದುಕೊಳ್ಳುತ್ತಿದ್ದ ಮಕ್ಕಳು. ಮೇಡಂ ಇದನ್ನೆಲ್ಲ ವಿವರಿಸಿ ಶಿಕ್ಷಣ ಇಲಾಖೆಯ ಕಚೇರಿಗೆ ತಿಳಿಸಿದರು. ಕಚೇರಿಯಿಂದ ಬಂದದ್ದು ಹೆತ್ತವರ ಸಂಪರ್ಕದಲ್ಲಿ ಅತ್ಯುತ್ತಮ ಶಾಲೆ ಎಂಬ ಫಲಕ. ಅದನ್ನು ವೇದಿಕೆಯ ಮೇಲೆ ಅವರ ಕೈಯಿಂದಲೇ ಹಿಡಿಸಲಾಯಿತು. ಆ ಫೋಟೋ ಈ ಸಂಪುಟದಲ್ಲಿ ಬೇಡವೆಂದು ಅವರು ಕೇಳಿಕೊಂಡಿದ್ದಾರೆ, ನಾವು ಒಪ್ಪಿದ್ದೇವೆ. ಇಷ್ಟು ವರ್ಷ ದುಡಿದ ಜೀವಕ್ಕೆ ಕೊನೆಗೆ ಸಿಕ್ಕಿದ ಮನ್ನಣೆ ಇಂಥದ್ದಾಯಿತಲ್ಲ ಎಂದು ನಮಗೆ ಸಂಕಟವಾಗುತ್ತದೆ.

ಶನಿವಾರ ಮಧ್ಯಾಹ್ನ ದೊಡ್ಡವರಿಗೆ ಅಕ್ಷರವನ್ನೂ ಟ್ಯಾಬನ್ನೂ ಕಲಿಸುತ್ತೇನೆಂದು ಅವರು ಪ್ರಯೋಗಶಾಲೆಯನ್ನು ತೆರೆದಿಟ್ಟರು. ಮೊದಲ ವಾರ ಬೆಂಚು ತುಂಬಿತ್ತು. ಬರಬರುತ್ತಾ ಒಬ್ಬೊಬ್ಬರೇ ಜಾರಿಕೊಂಡರು. ಅವರನ್ನು ದೂರಿ ಫಲವಿಲ್ಲ, ದಣಿದು ಬಂದವರಿಗೆ ಸಿಗುವ ಬಿಡುವೇ ಅಷ್ಟು. ತಪ್ಪದೆ ಬರುತ್ತಿರುವವರು ಇಸ್ತ್ರಿ ಅಂಗಡಿಯ ತಾಯಿ ಒಬ್ಬರೇ. ಅವರಿಗೆ ಶಾಲೆಯಿಂದ ಇನ್ನು ಯಾವ ಸೂಚನೆಯೂ ಬರುವುದಿಲ್ಲ.

ಅಕ್ಷರ ಕೂಡಿಸಿ ಓದುವಷ್ಟು ಕಲಿತ ಮೇಲೆ ಅವರು ಒಂದೇ ಒಂದನ್ನು ಕೇಳಿದರು. ತಮ್ಮ ಹೆಸರಿನಲ್ಲಿ ಹೋದ ಉತ್ತರಗಳನ್ನು ತೋರಿಸಬೇಕು. ಮೇಡಂ ಶಾಲೆಯ ಟ್ಯಾಬಿನಲ್ಲಿ ತೆರೆದು ಕೊಟ್ಟರು. ತಾಯಿ ಬೆರಳಿಟ್ಟು ನಿಧಾನವಾಗಿ ಓದಿದರು: ‘ಮಗಳಿಗೆ ಜ್ವರ. ರಾತ್ರಿಯೆಲ್ಲ ಪಕ್ಕದಲ್ಲೇ ಕೂತಿದ್ದೆ. ವಾಸಿಯಾದ ಮೇಲೆ ನಾನೇ ಕೈ ಹಿಡಿದು ಕರೆದುಕೊಂಡು ಬರುತ್ತೇನೆ.’

“ನಾನು ಕೂತಿರ್ಲಿಲ್ಲ ಮೇಡಂ,” ಎಂದರು. “ಅಮ್ಮ ಹೀಗೆ ಕೂರ್ಲಿ ಅಂತ ಅವಳಿಗೆ ಆಸೆ ಇತ್ತೋ ಏನೋ.”

ನಿವೃತ್ತಿಯ ನಂತರವೂ ಶನಿವಾರ ಪ್ರಯೋಗಶಾಲೆಯ ಬೀಗದ ಕೈ ತಮ್ಮ ಬಳಿಯೇ ಇರಲಿ ಎಂಬ ಮೇಡಂ ಅವರ ಬೇಡಿಕೆಯನ್ನು ಶಾಲೆ ಒಪ್ಪಿದೆ. ಅವರಿಗೆ ದೀರ್ಘಾಯುಷ್ಯವಿರಲಿ, ಕಣ್ಣು ಕಾಲು ನೆಟ್ಟಗಿರಲಿ, ಬರುವವರು ಒಬ್ಬರೇ ಆದರೂ ಆ ಬಾಗಿಲು ತೆರೆದೇ ಇರಲಿ ಎಂದು ಅವರ ಸಹೋದ್ಯೋಗಿಗಳಾದ ನಾವೆಲ್ಲರೂ ಮನಸಾರೆ ಹಾರೈಸುತ್ತೇವೆ. ಆ ತಾಯಿ ವಾರಕ್ಕೊಂದರಂತೆ ಓದುತ್ತಿದ್ದಾರೆ, ಮಗಳು ಬರೆದ ಉತ್ತರಗಳು ಇನ್ನೂ ಬಹಳ ಇವೆ.