ಒಂದು ತಾಸಿನ ಹಾದಿ

ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ವಿಮಾನದಲ್ಲಿ ಒಂದು ತಾಸು. ಬಡ್ತಿ ಕೊಟ್ಟು ಬ್ಯಾಂಕು ನನ್ನನ್ನು ವಿಜಯವಾಡಕ್ಕೆ ಹಾಕಿದಾಗ, ಹಿಂದೆಮುಂದೆ ನೋಡುತ್ತಿದ್ದ ಗಂಡನಿಗೆ ನಾನೇ ಹೇಳಿದ್ದೆ: “ಮುನ್ನೂರು ಕಿಲೋಮೀಟರ್ ಏನ್ ಮಹಾ ರೀ? ಧಾರವಾಡದಿಂದ ಬೆಳಗಾವಿಗೆ ಬಸ್ಸು ಮುಟ್ಟೂದ್ರಾಗ ನಾ ಮನ್ಯಾಗಿರ್ತೀನಿ.”

ಅವರ ಕೆಲಸ ಔಷಧ ಕಾರ್ಖಾನೆಯಲ್ಲಿ, ಮನೆ ವಿಶಾಖಪಟ್ಟಣದ ಹೊರವಲಯದ ಪೆಂಡುರ್ತಿಯಲ್ಲಿ. ಆರು ವರ್ಷದ ಮಗಳು ಅವರ ಜೊತೆಗೇ ಉಳಿದಳು. ಶುಕ್ರವಾರ ಸಂಜೆ ಹೋಗುವುದು, ಸೋಮವಾರ ಬೆಳಗಿನ ವಿಮಾನಕ್ಕೆ ಮರಳುವುದು. ಬ್ರಾಂಚಿನಿಂದ ವಿಮಾನ ನಿಲ್ದಾಣ, ಅಲ್ಲಿ ಕಾಯುವುದು, ಇಳಿದ ಮೇಲೆ ಮತ್ತೆ ಟ್ರಾಫಿಕ್ಕು ಎಲ್ಲ ಸೇರಿ ಒಂದು ತಾಸು ಐದಾಗುತ್ತಿತ್ತು. ಆದರೂ ಮಗಳು ಊಟ ಮಾಡದೆ ಕಾಯುತ್ತಿದ್ದಳು. ಕೆಲಸ ಮುಗಿಸಿ ರೈಲು ಹತ್ತಿದರೆ ಅವಳು ಮಲಗಿದ ಮೇಲೇ ಮನೆ.

ಆ ಸೋಮವಾರ ವಿಮಾನ ವಿಜಯವಾಡದಲ್ಲಿ ಇಳಿಯುತ್ತಿತ್ತು. ಬಾಳೆತೋಟದ ಎಲೆಗಳು ಬಿಡಿಬಿಡಿಯಾಗಿ ಕಾಣುವಷ್ಟು ಕೆಳಗೆ ಬಂದಿದ್ದೆವು. ರನ್‌ವೇ ಕಾಣಿಸಿತು. ರೆಕ್ಕೆ ಒಂದು ಕಡೆ ವಾಲಿತು. ಒಮ್ಮೆಲೇ ಎಂಜಿನ್ ಅಬ್ಬರಿಸಿ ವಿಮಾನ ಮತ್ತೆ ಮೇಲಕ್ಕೆ ಎದ್ದಿತು. ಯಾರೂ ಕೂಗಲಿಲ್ಲ. ಪಕ್ಕದ ತೆಲುಗು ಯಜಮಾನರು ನನ್ನ ಮಣಿಕಟ್ಟು ಹಿಡಿದು “ಏಂ ಕಾದಮ್ಮಾ, ಏಂ ಕಾದು” ಎಂದರು. ಏನೂ ಆಗುವುದಿಲ್ಲ ಎನ್ನುತ್ತಲೇ ಇನ್ನೊಂದು ಕೈಯಿಂದ ಮುಂದಿನ ಸೀಟನ್ನು ಹಿಡಿದುಕೊಂಡರು. ನನಗೆ ದೇವರು ನೆನಪಾಗಲಿಲ್ಲ. ಹೊರಡುವಾಗ ಮಗಳನ್ನು ಎಬ್ಬಿಸಲಿಲ್ಲವಲ್ಲ ಎಂಬುದೊಂದೇ.

ಎರಡನೆಯ ಸಲಕ್ಕೆ ಇಳಿಯಿತು. ಅಡ್ಡಗಾಳಿಗೆ ಹೀಗೆ ಮಾಡುವುದು ಸಾಮಾನ್ಯ ಎಂದು ಪೈಲಟ್ ಹೇಳಿದರು. ಇರಬಹುದು. ನಾನು ಬ್ರಾಂಚಿಗೆ ಹೋಗಿ, ಚಹಾ ಕುಡಿದು, ದಿನವಿಡೀ ಸಹಿ ಹಾಕಿದೆ. ಆದರೆ ಇವತ್ತಿಗೂ ಲಿಫ್ಟು ಜಗ್ಗೆಂದು ಮೇಲಕ್ಕೆ ಹೊರಟರೆ ಆ ಬಾಳೆ ಎಲೆಗಳು ಕಾಣುತ್ತವೆ.

ಅಂದಿನಿಂದ ರೈಲು. ನಾಲ್ಕನೆಯ ಶನಿವಾರ ಬೆಳಿಗ್ಗೆ ಮಗಳು ಕಣ್ಣುಜ್ಜುತ್ತ ಬಂದು, “ಎಪ್ಪುಡು ಬಂದೀ ಅಮ್ಮಾ?” ಎಂದಳು. ಯಾವಾಗ ಬಂದೆ ಎಂದು ನಾನು ಹೇಳುವ ಮೊದಲೇ ಹಲ್ಲುಜ್ಜಲು ಹೋದಳು.

“ವಿಮಾನ ಹತ್ತು ಅಂತ ನಾ ಹೇಳಂಗಿಲ್ಲ,” ಎಂದರು ಗಂಡ, ದೋಸೆ ಮಗುಚುತ್ತ. “ಆದ್ರ ಅಕಿ ಈಗ ಕಾಯೂದು ಬಿಟ್ಟಾಳ.”

ಸೋಮವಾರ ಬ್ರಾಂಚಿನಲ್ಲಿ ಕೂತು, ಬಡ್ತಿ ಬಿಟ್ಟುಕೊಡುತ್ತೇನೆ, ವಿಶಾಖಪಟ್ಟಣಕ್ಕೆ ಹಾಕಿ ಎಂದು ಅರ್ಜಿ ಬರೆದೆ. ಮೈಸೂರಿನ ಸಹೋದ್ಯೋಗಿ ಓದಿ ನಕ್ಕರು. “ಒಂದು ಗಂಟೆ ದಾರಿಗೆ ಯಾರಾದ್ರೂ ಪ್ರಮೋಷನ್ ಬಿಡ್ತಾರಾ ಮೇಡಂ?”

ಕಾರಣದ ಜಾಗದಲ್ಲಿ ಹೆದರಿಕೆ ಎಂದು ಬರೆಯಲಾಗಲಿಲ್ಲ. ಕೌಟುಂಬಿಕ ಎಂದು ಬರೆದೆ. ಉತ್ತರ ಇನ್ನೂ ಬಂದಿಲ್ಲ. ಈ ಶುಕ್ರವಾರಕ್ಕೂ ರೈಲಿನ ಟಿಕೆಟನ್ನೇ ತೆಗೆದಿದ್ದೇನೆ.