ಬಿಚ್ಚದೆ ಉಳಿದ ಪಂಪ್

ಆ ಹಿರಿಯ ಟ್ಯಾಕ್ಸಿ ಚಾಲಕರ ಅಂಬಾಸಿಡರ್ ಬಿಳಿಯದೋ ಬೂದಿಬಣ್ಣದ್ದೋ, ನನ್ನ ನೆನಪನ್ನು ನಂಬಲಾರೆ, ಅಷ್ಟು ಧೂಳಿತ್ತು. ಎಂಜಿನ್ನಿಗೆ ಪೆಟ್ರೋಲ್ ಎಳೆಯುವ ಹಳೇ ಮಾದರಿಯ ಪಂಪ್ ಸಿಗದಿದ್ದರೆ ಮಾನ್ವಿಯಲ್ಲಿ ನಿಂತ ನನ್ನ ಅಂಬಾಸಿಡರ್ ಗುಜರಿಗೆ ಹೋಗುತ್ತಿತ್ತು. ರಾಯಚೂರಿನ ಯಾವ ಅಂಗಡಿಯಲ್ಲೂ ಅದಿರಲಿಲ್ಲ. ದೇವದುರ್ಗದ ಈ ಚಾಲಕರು ವರ್ಷಗಳಿಂದ ನಿಂತಿದ್ದ ತಮ್ಮ ಗಾಡಿಯ ಪಂಪನ್ನು ಕೊಡಲು ಒಪ್ಪಿದ್ದರು. ಅದರ ನಟ್ಟು ಬಿಚ್ಚಲು ಪಾನಾ ಹಿಡಿದಿದ್ದ ನಾನೇ ಕೈ ತಡೆದು ಹೇಳಿದೆ: "ಮೊದಲ ಚಾಲೂ ಮಾಡ್ರಿ ಕಾಕಾ, ಪಂಪ್ ಎಳೀತದೋ ಇಲ್ಲೋ ನೋಡೂಣು."

ಬೇರೆ ಬ್ಯಾಟರಿ ಜೋಡಿಸಿ ಪೆಟ್ರೋಲ್ ಸುರಿದೆವು. ನಾಲ್ಕನೆಯ ಸಲಕ್ಕೆ ಎಂಜಿನ್ ಗುರುಗುಟ್ಟಿತು. ಅವರು ಸ್ಟಿಯರಿಂಗ್ ಬಿಡಲಿಲ್ಲ.

"ಪಾನಾ ಚೀಲದಾಗ ಇಡ್ರಿ ಸಾಹೇಬ್ರ. ಬರ್ರಿ, ಬಸ್ ಸ್ಟ್ಯಾಂಡಿಗೆ ಬಿಟ್ಟು ಬರ್ತೀನಿ."

ಹತ್ತಿ ಕೂತೆ. ನನ್ನ ಕಾರು ಮಾನ್ವಿಯಲ್ಲೇ ನಿಂತಿದೆ. ಗುಜರಿಯವನಿಗೆ ಇನ್ನೂ ಹೂಂ ಅಂದಿಲ್ಲ. ಅವರ ಗಾಡಿ ಅಂದು ವಾಪಸ್ ಮನೆ ಮುಟ್ಟಿತೋ ಇಲ್ಲವೋ, ಗೊತ್ತಿಲ್ಲ.