ಓಡುವವಳ ನಾಡಿ

ಎರಡನೇ ಸುತ್ತಿನಲ್ಲಿ ಕಾಲು ನನ್ನ ಮಾತು ಕೇಳಲಿಲ್ಲ.

ನೋವಿರಲಿಲ್ಲ. ಉಳುಕಿರಲಿಲ್ಲ. ತೊಡೆಗೆ ಒದ್ದೆ ಮರಳಿನ ಮೂಟೆ ಕಟ್ಟಿದಂತೆ ಭಾರ. ಉಸಿರು ಸಾಲುತ್ತಿಲ್ಲ, ಎದೆ ಮಾತ್ರ ತನಗೇನೂ ಸಂಬಂಧವಿಲ್ಲ ಎನ್ನುವಂತೆ ನಿಧಾನವಾಗಿ ಬಡಿಯುತ್ತಿದೆ. ವಿಜಯನಗರದ ಮೈದಾನದಲ್ಲಿ ನಮ್ಮ ಬೆಳಗಿನ ಅಭ್ಯಾಸ ಅದು. ಕೆಂಗೇರಿಯಿಂದ ಮೆಟ್ರೋ ಹತ್ತಿ ಬರುವ ನನ್ನದೇ ವಯಸ್ಸಿನ ನಾಗವೇಣಿ, ವರ್ಷಾನುಗಟ್ಟಲೆ ನನ್ನ ಬೆನ್ನು ನೋಡಿಕೊಂಡೇ ಓಡಿದವಳು, ಪಕ್ಕದಿಂದ ಹಾದು ಮುಂದೆ ಹೋದಳು. ನಾನು ಬಗ್ಗಿ ಮಂಡಿ ಹಿಡಿದು ನಿಂತೆ. ಕಣ್ಣಿಗೆ ಕತ್ತಲೆ ಬಂತು.

"ಬಿಸಿಲು ಜಾಸ್ತಿ ಕಣೇ," ಎಂದಳು ವಾಪಸು ಬಂದು. ಸೂರ್ಯ ಇನ್ನೂ ಮರದ ಮೇಲೆ ಬಂದಿರಲಿಲ್ಲ, ಎಲ್ಲಿಯ ಬಿಸಿಲು! ನನಗೆ ರೇಗಿತು.

ರೇಗುವುದು ನನಗೆ ಹೊಸದೇನಲ್ಲ. ಹೆಸರು ಶಾಂತಾ, ಸಿಟ್ಟು ಮೂಗಿನ ತುದಿಯಲ್ಲಿ. ಓಡಲು ಶುರುಮಾಡಿದ್ದೂ ಸಿಟ್ಟಿನಿಂದಲೇ. ಬಿನ್ನಿಪೇಟೆಯ ಶಾಲೆಯೊಂದರಲ್ಲಿ ಗಣಿತದ ಟೀಚರ್ ಆಗಿದ್ದೆ. ನಿವೃತ್ತಿ ಹತ್ತಿರವಾಗಿದ್ದಾಗಿನ ಸ್ಪೋರ್ಟ್ಸ್ ಡೇ. ಮೇಷ್ಟ್ರುಗಳಿಗೆ ನೂರು ಮೀಟರ್ ಓಟ, ನಮಗೆ ಎಂದಿನಂತೆ ನಿಂಬೆಹಣ್ಣು-ಚಮಚ. ಬಾಯಲ್ಲಿ ಚಮಚ ಕಚ್ಚಿಕೊಂಡು ನಾವು ಬಾತುಕೋಳಿಯ ಹಾಗೆ ನಡೆಯಬೇಕು, ಮಕ್ಕಳು ನಗಬೇಕು. ಆ ವರ್ಷ ಚಮಚವನ್ನು ಹೆಡ್‌ಮಾಸ್ಟರ ಕೈಗಿಟ್ಟು, ಸೀರೆ ಎತ್ತಿ ಕಟ್ಟಿ, ಗಂಡಸರ ಸಾಲಿನಲ್ಲಿ ಹೋಗಿ ನಿಂತೆ. ಮೂರನೆಯವಳಾಗಿ ಬಂದೆ. ಮರುವಾರ ಶೂ ಕೊಂಡೆ.

ಈಗ ನನಗೆ ಎಪ್ಪತ್ತೊಂದು. ಎಪ್ಪತ್ತು ದಾಟಿದ ಹೆಂಗಸರ ಎಂಟುನೂರು ಮೀಟರ್ ಓಟದಲ್ಲಿ ರಾಜ್ಯದ ದಾಖಲೆ ನನ್ನದಾಗಿತ್ತು. ಅದನ್ನು ಮುರಿದು ಮತ್ತೆ ಬರೆದವಳೂ ನಾನೇ. ಜಂಬ ಎಂದುಕೊಂಡರೆ ಎಂದುಕೊಳ್ಳಿ.

ಮುಂದಿನ ರಾಜ್ಯ ಕ್ರೀಡಾಕೂಟಕ್ಕೆ ತಯಾರಿ ನಡೆದಿತ್ತು. ಆದರೆ ಆ ಬೆಳಗಿನ ನಂತರ ನಾನು ಇಳಿಯುತ್ತಲೇ ಹೋದೆ. ಒಂದು ಸುತ್ತಿಗೇ ಏದುಸಿರು. ಮೆಟ್ಟಿಲು ಹತ್ತಿದರೆ ತಲೆ ಗಿರ್ರೆನ್ನುವುದು. ಮನೆಯಲ್ಲಿ ಬಾಯಿ ಬಿಡಲಿಲ್ಲ. ಹೇಳಿದರೆ ಏನು ಕೇಳಿಸಿಕೊಳ್ಳಬೇಕಾಗುತ್ತದೆ ಎಂದು ಗೊತ್ತಿತ್ತು.

ಒಂದು ದಿನ ಒಗ್ಗರಣೆ ಹಾಕುತ್ತಾ ಅಡುಗೆಮನೆಯಲ್ಲಿ ಬಿದ್ದೆ.

ಎಚ್ಚರವಾದಾಗ ನಮ್ಮ ಯಜಮಾನರು ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನೆಲದ ಮೇಲೆ ಕೂತಿದ್ದರು. ಸಾಸಿವೆ ಸೀದ ವಾಸನೆ. ಮಹಡಿಯ ಮೇಲಿರುವ ಮಗ ಪ್ರಕಾಶ ಓಡಿಬಂದ. ಆರ್‌ಪಿಸಿ ಲೇಔಟಿನ ನಮ್ಮ ಮನೆಯಿಂದ ರಾಜಾಜಿನಗರದ ಆಸ್ಪತ್ರೆಗೆ ಕಾರಿನಲ್ಲಿ ಕರೆದೊಯ್ದರು. ಇಸಿಜಿ ಆಯಿತು. ಎದೆಗೆ ವೈರು ಅಂಟಿಸಿ, ಒಂದು ಹಗಲು ಒಂದು ರಾತ್ರಿಯ ಬಡಿತವನ್ನೆಲ್ಲ ಹಿಡಿದಿಡುವ ಹೋಲ್ಟರ್ ಎಂಬ ಯಂತ್ರ ಕಟ್ಟಿದರು. ಪಲ್ಸ್ ಮೂವತ್ತೆಂಟಕ್ಕೆ ಇಳಿಯುತ್ತಿತ್ತು. ನಡುನಡುವೆ ಹೃದಯ ತನ್ನ ಕೆಲಸವನ್ನೇ ಮರೆತಂತೆ ತಡೆದು ನಿಲ್ಲುತ್ತಿತ್ತು.

ಹೃದಯದ ಡಾಕ್ಟರು ಬಂದರು. ಕೆಟ್ಟ ಮನುಷ್ಯರಲ್ಲ. ಅವಸರದ ಮನುಷ್ಯರು.

"ಯಾವ್ಯಾವ ಟ್ಯಾಬ್ಲೆಟ್ಸ್ ತಗೋತೀರಮ್ಮ?"

"ಒಂದೂ ಇಲ್ಲ. ಬಿಪಿ ಇಲ್ಲ, ಶುಗರ್ ಇಲ್ಲ. ತಲೆನೋವಿಗೂ ಒಂದು ಮಾತ್ರೆ ನುಂಗಿದವಳಲ್ಲ ನಾನು."

ಮಲಗಿದಲ್ಲೇ ಎದೆಯುಬ್ಬಿಸಿ ಹೇಳಿದೆ. ಈ ಮಾತನ್ನು ಎಷ್ಟು ಮದುವೆಮನೆಗಳಲ್ಲಿ ಹೇಳಿದ್ದೇನೋ. ನನ್ನ ವಾರಗೆಯವರೆಲ್ಲ ಪಂಕ್ತಿಯಲ್ಲಿ ಕೂತು ಮಾತ್ರೆ ಡಬ್ಬಿ ತೆಗೆಯುವಾಗ ನಾನು ಎರಡನೇ ಹೋಳಿಗೆಗೆ ಕೈ ಚಾಚುತ್ತಿದ್ದೆ.

"ಎಕ್ಸರ್‌ಸೈಜ್ ಏನಾದ್ರೂ?"

"ಓಡ್ತೀನಿ. ಎಂಟುನೂರು ಮೀಟರ್. ಸ್ಟೇಟ್ ರೆಕಾರ್ಡ್ ಇದೆ."

"ಓ, ವಾಕಿಂಗ್! ವೆರಿ ಗುಡ್." ಪಕ್ಕದಲ್ಲಿದ್ದ ಕಿರಿಯ ಡಾಕ್ಟರಿಗೆ ಇಂಗ್ಲಿಷಿನಲ್ಲಿ, ಇವರು ದಿನಾ ವಾಕ್ ಮಾಡುತ್ತಾರೆ ಎಂದರು.

ವಾಕಿಂಗ್!

"ವಾಕಿಂಗ್ ಅಲ್ಲ ಡಾಕ್ಟ್ರೇ, ರನ್ನಿಂಗ್," ಎಂದೆ. "ಆಯ್ತಮ್ಮ, ಆಯ್ತು," ಎಂದು ನನ್ನ ತಲೆಯ ಮೇಲಿಂದ ಮಗನ ಜೊತೆ ಮಾತು ಶುರುಮಾಡಿದರು. "ವಯಸ್ಸಾಗ್ತಾ ಹಾರ್ಟಿನ ವೈರಿಂಗ್ ಸವೆಯತ್ತೆ ನೋಡಿ. ಪೇಸ್‌ಮೇಕರ್ ಹಾಕ್ಬೇಕು. ಆಮೇಲೆ ಆರಾಮಾಗಿ ಪಾರ್ಕಲ್ಲಿ ಓಡಾಡ್ಕೊಂಡಿರ್ಲಿ. ಕಾಂಪಿಟೇಶನ್ ಗೀಂಪಿಟೇಶನ್ ಎಲ್ಲ ಇನ್ನು ಬೇಡ."

ನನಗೆ ಬೇಡವಾಗಿದ್ದು ಪೇಸ್‌ಮೇಕರ್ ಅಲ್ಲ. ಬದುಕಲು ಬೇಕೆಂದರೆ ಎದೆಯೊಳಗೆ ಏನು ಬೇಕಾದರೂ ಇಡಲಿ. ಆದರೆ ಬೇಸಿಗೆಯಲ್ಲಿ ದಾಖಲೆ ಓಡಿದ ಎದೆ ಮಳೆಗಾಲ ಬರುವಷ್ಟರಲ್ಲಿ ಸವೆದುಹೋಗುತ್ತದೆಯೇ? ಈ ಪ್ರಶ್ನೆ ಯಾರಿಗೂ ಬರಲಿಲ್ಲ. ಎಪ್ಪತ್ತೊಂದು ಎಂಬ ಸಂಖ್ಯೆ ಕೇಳಿದ ಮೇಲೆ ಅವರಿಗೆಲ್ಲ ಉತ್ತರ ಸಿಕ್ಕಿಬಿಟ್ಟಿತ್ತು. ಮಕ್ಕಳು ಲೆಕ್ಕ ಮಾಡದೆ ಉತ್ತರ ಬರೆದರೆ ನಾನು ಸೊನ್ನೆ ಕೊಡುತ್ತಿದ್ದೆ.

ಆಮೇಲೆ ನೋಡಲು ಬರುವವರ ಸಾಲು. ಬಿದ್ದವರಿಗೆ ಆಳಿಗೊಂದು ಕಲ್ಲು. ಸೇಬು, ಮೂಸಂಬಿ, ಅದರ ಜೊತೆಗೆ ಒಂದೇ ಮಾತು, "ಈ ವಯಸ್ಸಲ್ಲಿ ಇದೆಲ್ಲಾ ಬೇಕಿತ್ತಾ?" ನಾದಿನಿ ಉಪ್ಪು-ಮೆಣಸಿನಕಾಯಿಯನ್ನು ಕಾಗದದಲ್ಲಿ ಕಟ್ಟಿಕೊಂಡೇ ಬಂದಿದ್ದಳು. "ಚಡ್ಡಿ ಹಾಕ್ಕೊಂಡು ಪೇಪರಲ್ಲಿ ಫೋಟೋ ಬಂತಲ್ಲ ಅತ್ತಿಗೆ, ಅವತ್ತೇ ಅಂದ್ಕೊಂಡೆ." ನರ್ಸ್ ಆಕೆಯನ್ನು ಹೊರಗೆ ಕಳಿಸದಿದ್ದರೆ ಆ ಮೆಣಸಿನಕಾಯಿಯನ್ನು ನಾನೇ ಏನು ಮಾಡುತ್ತಿದ್ದೆನೋ.

ಅವರನ್ನೆಲ್ಲ ತಡೆದುಕೊಂಡೆ. ಮಗನ ಮಾತು ತಡೆಯಲಾಗಲಿಲ್ಲ.

"ಸಾಕಮ್ಮ. ಸಾಧಿಸ್ಬೇಕಾಗಿದ್ದೆಲ್ಲ ಸಾಧ್ಸಿದೀಯ. ನಮಗೋಸ್ಕರನಾದ್ರೂ ನಿಲ್ಸು." ಅವನು ಹೆದರಿದ್ದ, ಕಣ್ಣು ಕೆಂಪಗಿತ್ತು. ನನಗೂ ಹೆದರಿಕೆಯಿತ್ತು. ಆದರೂ ಮುಖ ತಿರುಗಿಸಿ ಮಲಗಿದೆ. ಐವತ್ತೆಂಟು ವರ್ಷ ಯಾರದೋ ಮಗಳು, ಯಾರದೋ ಹೆಂಡತಿ, ಯಾರದೋ ಟೀಚರ್ ಆಗಿ ಕಳೆದು, ಆಮೇಲೆ ಸಿಕ್ಕ ನನ್ನದೇ ಆದ ಒಂದು ವಸ್ತು ಅದು. ಅದನ್ನು ಕಿತ್ತುಕೊಳ್ಳುವವರೆಲ್ಲ ನನ್ನ ಒಳ್ಳೆಯದಕ್ಕೇ ಕಿತ್ತುಕೊಳ್ಳುತ್ತಿದ್ದರು. ಯಾರನ್ನೆಂದು ಬಯ್ಯಲಿ?

ನಾಗವೇಣಿ ಮೈದಾನದಿಂದ ನೇರವಾಗಿ ಬಂದಳು, ಟ್ರ್ಯಾಕ್ ಪ್ಯಾಂಟಿನಲ್ಲೇ. ಹಣ್ಣು ತಂದಿರಲಿಲ್ಲ.

"ಎದ್ದು ಕೂತ್ಕೊಳೇ. ಸತ್ತೋದೋರ ಥರ ಮಲಗಿದೀಯ."

"ಪೇಸ್‌ಮೇಕರ್ ಅಂತೆ. ಓಟ ಮುಗೀತಂತೆ."

"ಯಾರಂದ್ರು? ನಿನ್ನ ಓಟ ನೋಡಿದಾರಾ ಅವ್ರು?" ದನಿ ಏರಿತು. ಪಕ್ಕದ ಹಾಸಿಗೆಯವರು ತಿರುಗಿ ನೋಡಿದರು. "ಹಾಕ್ಕೋಬೇಕು ಅಂದ್ರೆ ಹಾಕ್ಕೋ, ಬೇಡ ಅನ್ನಲ್ಲ. ಆದ್ರೆ ಓಡೋರನ್ನ ನೋಡೋ ಡಾಕ್ಟ್ರು ಬಸವೇಶ್ವರನಗರದಲ್ಲಿ ಒಬ್ರಿದಾರೆ. ಒಂದ್ಸಲ ತೋರ್ಸು. ಪ್ರಕಾಶ, ನೀನು ಕರ್ಕೊಂಡು ಹೋಗಲ್ಲ ಅಂದ್ರೆ ನಾನು ಆಟೋಲಿ ಕರ್ಕೊಂಡು ಹೋಗ್ತೀನಿ."

ಪ್ರಕಾಶ ಮೊದಲು ಸಿಡುಕಿದ, ಆಮೇಲೆ ಡಾಕ್ಟರನ್ನು ಕೇಳಿದ. ಅವರು ತಕರಾರು ಮಾಡಲಿಲ್ಲ. "ಕೇಳ್ಕೊಂಡ್ ಬನ್ನಿ, ತಡ ಮಾಡ್ಬೇಡಿ," ಎಂದರು. ಆ ಮಟ್ಟಿಗೆ ಅವರಿಗೆ ನನ್ನ ನಮಸ್ಕಾರ.

ಬಸವೇಶ್ವರನಗರದ ಡಾಕ್ಟರು ನನ್ನ ಮಗನಿಗಿಂತ ಚಿಕ್ಕ ಹೆಂಗಸು. ಮಗನ ಕಡೆ ನೋಡಲಿಲ್ಲ, ಕುರ್ಚಿಯನ್ನು ನನ್ನ ಕಡೆ ಎಳೆದುಕೊಂಡರು.

"ಓಡ್ತಿದ್ದಾಗ, ಚೆನ್ನಾಗಿದ್ದಾಗ, ಬೆಳಗ್ಗೆ ಎದ್ದ ತಕ್ಷಣ ಪಲ್ಸ್ ಎಷ್ಟಿರ್ತಿತ್ತು?"

ಅಯ್ಯೋ, ಕೊನೆಗೂ ಒಬ್ಬರು ಕೇಳಿದರು! "ಐವತ್ತೆರಡು," ಎಂದೆ.

"ಅದು ಓಡೋರಿಗೆ ಸರಿಯಾದ ಪಲ್ಸೇ. ಯಾವಾಗಿಂದ ಇಳೀತು? ಆಗ ಏನು ಹೊಸದಾಗಿ ಶುರುವಾಯ್ತು?"

"ಏನೂ ಇಲ್ಲ. ಮಾತ್ರೆ ತಗೊಳಲ್ಲ ನಾನು."

"ಮಾತ್ರೆ ಬಿಡಿ. ಮೈಗೆ ಹಚ್ಚೋದು? ಮೂಗಿಗೆ, ಕಣ್ಣಿಗೆ ಹಾಕೋದು?"

ಜೊತೆಗೆ ಬಂದಿದ್ದ ಯಜಮಾನರು ಅಂಗಿಯ ಜೇಬಿಗೆ ಕೈ ಹಾಕಿದರು.

ಬೇಸಿಗೆ ಮುಗಿಯುವ ಹೊತ್ತಿಗೆ ಕಣ್ಣಿನ ಡಾಕ್ಟರು ಗ್ಲಾಕೋಮಾ ಶುರುವಾಗಿದೆ, ಕಣ್ಣಿನೊಳಗಿನ ಒತ್ತಡ ಇಳಿಸಬೇಕು ಎಂದು ಡ್ರಾಪ್ಸ್ ಕೊಟ್ಟಿದ್ದರು. ನನಗೆ ಹಾಕಿಕೊಳ್ಳಲು ಬರುವುದಿಲ್ಲ, ಹನಿ ಕೆನ್ನೆಗೆ ಬೀಳುತ್ತದೆ. ಬೆಳಗ್ಗೆ ಸಂಜೆ ನಾನು ದಿವಾನದ ಮೇಲೆ ಮಲಗುವುದು, ಇವರು ಕನ್ನಡಕ ಏರಿಸಿ ಒಂದೊಂದು ಕಣ್ಣಿಗೆ ಒಂದೊಂದು ಹನಿ ಬಿಡುವುದು. ಆಸ್ಪತ್ರೆಯಲ್ಲೂ ತಪ್ಪಿಸಿರಲಿಲ್ಲ. ರೌಂಡ್ಸಿಗೆ ಬಂದ ಡಾಕ್ಟರು ಅದನ್ನು ಕಣ್ಣಾರೆ ನೋಡಿ, "ಎಷ್ಟು ಚೆನ್ನಾಗಿ ನೋಡ್ಕೋತಾರೆ ನಿಮ್ಮೆಜಮಾನ್ರು!" ಎಂದು ನಕ್ಕು ಮುಂದಿನ ಹಾಸಿಗೆಗೆ ಹೋಗಿದ್ದರು.

"ಇದೊಂದೇ ಮೇಡಂ," ಎಂದರು ಇವರು, ಸ್ವಲ್ಪ ಹೆಮ್ಮೆಯಿಂದಲೇ. "ಒಂದು ಹೊತ್ತೂ ತಪ್ಸಿಲ್ಲ."

ಡಾಕ್ಟರು ಬಾಟಲಿಯ ಸಣ್ಣ ಅಕ್ಷರ ಓದಿದರು. "ಟಿಮೊಲಾಲ್. ಇದು ಕಣ್ಣಿಂದ ಮೂಗಿಗೆ ಇಳಿದು ರಕ್ತಕ್ಕೆ ಸೇರತ್ತೆ. ಕೆಲವರಿಗೆ ಹಾರ್ಟನ್ನ ನಿಧಾನ ಮಾಡತ್ತೆ. ನಿಮ್ಮದು ಮೊದಲೇ ನಿಧಾನವಾದ ಹಾರ್ಟು."

ಡಾಕ್ಟರು ಬಾಟಲಿ ವಾಪಸು ಕೊಟ್ಟಾಗ ಯಜಮಾನರು ಅದನ್ನು ಮುಟ್ಟಲಿಲ್ಲ.

ಅಲ್ಲಿಂದ ಶುರುವಾದ ಸಿಟ್ಟು ಇನ್ನೂ ಇಳಿದಿಲ್ಲ. ಆ ಹನಿ ಕೊಟ್ಟ ಕಣ್ಣಿನ ಡಾಕ್ಟರು ಒಮ್ಮೆ ನನ್ನ ಮಣಿಕಟ್ಟು ಹಿಡಿದು ನೋಡಲಿಲ್ಲ. ಹೃದಯದ ಡಾಕ್ಟರು ನುಂಗುವುದನ್ನು ಬಿಟ್ಟು ಬೇರೇನೂ ಕೇಳಲಿಲ್ಲ. ನಾನೋ, ಮಾತ್ರೆ ನುಂಗದವಳೆಂಬ ಬಿರುದನ್ನು ಹಣೆಗೆ ಅಂಟಿಸಿಕೊಂಡು ತಿರುಗುತ್ತಿದ್ದೆ. ಕಣ್ಣಿಗೆ ಹಾಕುವುದೂ ಔಷಧಿಯೇ ಎನ್ನುವುದು ಗಣಿತದ ಟೀಚರ ತಲೆಗೆ ಹೊಳೆಯಲಿಲ್ಲ. ನನ್ನ ಮೇಲೆ ನನಗೆ ಬಂದ ಸಿಟ್ಟು ಬೇರೆಯವರ ಮೇಲೆ ಬಂದದ್ದಕ್ಕಿಂತ ಹೆಚ್ಚು.

ಆಸ್ಪತ್ರೆಗೆ ವಾಪಸು ಬಂದ ಮೇಲೆ ಯಜಮಾನರು ಅವತ್ತು ಊಟ ಮಾಡಲಿಲ್ಲ. ಹಾಸಿಗೆಯ ಪಕ್ಕದ ಸ್ಟೂಲಿನಲ್ಲಿ ಕೂತು, "ನಾನೇ ಕೈಯಾರೆ ಹಾಕ್ದೆ ಶಾಂತಾ," ಎಂದು ಅತ್ತರು. ಮದುವೆಯಾದಾಗಿನಿಂದ ಇವರ ಕಣ್ಣಲ್ಲಿ ನೀರು ನೋಡಿರಲಿಲ್ಲ.

"ಅಳ್ಬೇಡೀ ನೀವು! ನಂಗಿನ್ನೂ ಸಿಟ್ಟು ಬರತ್ತೆ!" ಎಂದು ಕಿರುಚಿದೆ. "ನೀವು ಹಾಕ್ದೇ ಇದ್ದಿದ್ರೆ ಕಣ್ಣು ಹೋಗ್ತಿತ್ತು. ಮೊದ್ಲು ಎದ್ದು ಉಣ್ಣಿ!" ಇಡೀ ಈ ಪ್ರಕರಣದಲ್ಲಿ ನನಗೆ ಸಿಟ್ಟು ಬರದೆ ಇದ್ದದ್ದು ಇವರೊಬ್ಬರ ಮೇಲೆ. ಅದಕ್ಕೇ ಅಷ್ಟು ಜೋರಾಗಿ ಕಿರುಚಿದೆನೋ ಏನೋ.

ಹೃದಯದ ಡಾಕ್ಟರೂ ಬಸವೇಶ್ವರನಗರದ ಡಾಕ್ಟರೂ ಫೋನಿನಲ್ಲಿ ಮಾತಾಡಿಕೊಂಡರು. ಕಣ್ಣಿನವರು ಬೇರೆ ಹನಿ ಬರೆದುಕೊಟ್ಟರು. ಆಸ್ಪತ್ರೆಯವರು ನನ್ನನ್ನು ಮಾನಿಟರಿನ ಕಣ್ಗಾವಲಿನಲ್ಲೇ ಇರಿಸಿಕೊಂಡು ಕಾದರು. ಪಲ್ಸ್ ನಲವತ್ತು ದಾಟಿತು, ನಲವತ್ತೈದು, ಒಂದು ದಿನ ಐವತ್ತು. ಮತ್ತೆ ಕಟ್ಟಿದ ಹೋಲ್ಟರಿನಲ್ಲಿ ಎದೆ ಎಲ್ಲೂ ತಡೆದು ನಿಂತಿರಲಿಲ್ಲ. ಈಗ ಪೇಸ್‌ಮೇಕರ್ ಬೇಡ ಎಂದಾಯಿತು. "ಈಗ" ಎಂಬುದನ್ನು ಬಸವೇಶ್ವರನಗರದ ಡಾಕ್ಟರು ಒತ್ತಿ ಹೇಳಿದರು. "ಮುಂದೆ ಯಾವತ್ತಾದ್ರೂ ಬೇಕಾಗ್ಬಹುದು. ಚೆಕಪ್ ತಪ್ಪಿಸ್ಬೇಡಿ. ಹಾಕ್ಕೊಂಡ ಮೇಲೂ ಓಡೋರಿದಾರೆ, ಹೆದರ್ಬೇಡಿ." ಬರಲಿ, ನೋಡೋಣ. ಇದನ್ನು ಓದಿ ಯಾರೂ ತಮ್ಮ ಕಣ್ಣಿನ ಹನಿಯನ್ನು ತಾವೇ ನಿಲ್ಲಿಸಬೇಡಿ ಮತ್ತೆ. ಕಣ್ಣು ಹೋದರೆ ನನ್ನನ್ನು ಬಯ್ಯಬೇಡಿ. ಡಾಕ್ಟರನ್ನು ಕೇಳಿ, ಹೇಳಬೇಕಾದದ್ದನ್ನೆಲ್ಲ ಹೇಳಿ.

ರಾಜ್ಯ ಕೂಟ ನಾನು ಮನೆಯಲ್ಲಿ ಗಂಜಿ ಕುಡಿಯುತ್ತಿದ್ದಾಗ ನಡೆದುಹೋಯಿತು. ನನ್ನ ದಾಖಲೆಯನ್ನು ನಾಗವೇಣಿ ಮುರಿದಳು. ಫೋನಿನಲ್ಲಿ ಹೇಳುವಾಗ ಅವಳ ದನಿ ಯಾರೋ ತೀರಿಕೊಂಡ ಸುದ್ದಿ ಹೇಳುವಂತಿತ್ತು. "ಕಂಗ್ರಾಜುಲೇಶನ್ಸ್," ಎಂದು ಹಲ್ಲು ಕಚ್ಚಿ ಹೇಳಿ ಫೋನಿಟ್ಟೆ.

ಮೊದಲು ನಡಿಗೆ, ಆಮೇಲೆ ಮೆಲ್ಲಗೆ ಓಟ. ಡಾಕ್ಟರು ಸರಿ ಎಂದ ಮೇಲೆ ನಾವಿಬ್ಬರೂ ಮತ್ತೆ ಜೊತೆಯಲ್ಲಿ ಎರಡು ಸುತ್ತು ಓಡಿದೆವು. ಕೊನೆಯ ನೂರು ಮೀಟರಿನಲ್ಲಿ ಅವಳು ನನ್ನ ಭುಜಕ್ಕೆ ಭುಜ ಬಂದಳು, ಹಾಗೇ ಉಳಿದಳು. ನಾನು ಗೆದ್ದೆ. ಗೆರೆ ದಾಟಿ ತಿರುಗಿ ನೋಡಿದರೆ ಆಕೆಗೆ ಏದುಸಿರೇ ಇಲ್ಲ!

"ಬೇಕಂತ ನಿಧಾನ ಮಾಡಿದ್ಯಾ?"

"ಇಲ್ವೇ..."

"ಸುಳ್ಳು ಬೊಗಳ್ಬೇಡ!"

"ಈಗ್ತಾನೆ ಆಸ್ಪತ್ರೆಯಿಂದ ಬಂದಿದೀಯ, ಒಂಚೂರು..."

"ಅವ್ರೆಲ್ಲ ನಂಗೆ ಕಾಯ್ಲೆ ಮುದುಕಿ ಅಂದಾಗ ಬಂದು ಜಗಳ ಆಡಿದ್ದು ನೀನೊಬ್ಳು. ನೀನೂ ಹಂಗೇ ಅಂದ್ಕೊಂಡ್ರೆ ನಾನೆಲ್ಲಿಗೇ ಹೋಗ್ಲಿ?" ವಾಕಿಂಗ್ ಮಾಡುತ್ತಿದ್ದವರೆಲ್ಲ ನಿಂತು ನೋಡಿದರು. ನಾನು ಅಳುತ್ತಿದ್ದೆ, ಬಯ್ಯುತ್ತಲೂ ಇದ್ದೆ. ನಾಗವೇಣಿ ತುಟಿ ಬಿಗಿದು ಶೂ ಲೇಸು ಬಿಗಿ ಮಾಡಿಕೊಂಡು ಹೊರಟುಹೋದಳು.

ಮಾರನೆಯ ದಿನ ಬರುತ್ತಾಳೋ ಇಲ್ಲವೋ ಎಂದಿದ್ದೆ. ಬಂದಳು. ಗೆರೆಯ ಮೇಲೆ ನಿಂತಳು, ನಾನೂ ನಿಂತೆ. ಹೊರಟಳು ನೋಡಿ, ಹಿಂತಿರುಗಿ ನೋಡದೆ, ಕರುಣೆಯಿಲ್ಲದೆ ಓಡಿದಳು. ಎರಡನೇ ಸುತ್ತಿಗೆ ನಮ್ಮಿಬ್ಬರ ನಡುವೆ ಅರ್ಧ ಮೈದಾನ. ನಾನು ಗೆರೆ ಮುಟ್ಟುವಾಗ ಅವಳು ನೀರು ಕುಡಿದು ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದಳು.

ಹುಲ್ಲಿನ ಮೇಲೆ ಅಂಗಾತ ಬಿದ್ದೆ. ಸೋತ ಹೊಟ್ಟೆಯುರಿ ಗಂಟಲವರೆಗೂ ಬಂದಿತ್ತು. ಎದೆ ಡವಡವ ಎಂದು ಹುಚ್ಚು ಹಿಡಿದಂತೆ ಹೊಡೆದುಕೊಳ್ಳುತ್ತಿತ್ತು. ಅದರ ಮೇಲೆ ಅಂಗೈ ಇಟ್ಟುಕೊಂಡೆ. ಹೊಡ್ಕೋ, ಎಂದೆ ಅದಕ್ಕೆ. ಇನ್ನೂ ಜೋರಾಗಿ ಹೊಡ್ಕೋ.